ಖಡ್ಗವಿಲ್ಲದ ಶಿಲುಬೆ

2024ರ ನವೆಂಬರ್ 18, ಸೋಮವಾರ. ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ ಹೊಸನಗರ ಪೊಲೀಸ್ ಠಾಣೆಗೆ ವೃದ್ಧೆಯೊಬ್ಬರು ಬಂದರು. ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಇತ್ತು. ಹೆಸರು ಕೆರಿಯಮ್ಮ, ವಯಸ್ಸು ಎಂಬತ್ತು, ಊರು ಕಲ್ಕೊಪ್ಪ. ಬಸ್ಸು ಹಿಡಿದು ಒಬ್ಬರೇ ಬಂದಿದ್ದರು.

ಹೆಡ್ ಕಾನ್‌ಸ್ಟೆಬಲ್ ವಾಸಪ್ಪ ಡಬ್ಬಿ ತೆರೆದು ನೋಡಿದರು. ಒಳಗೆ ಬಟ್ಟೆಯ ಮೇಲೆ ಕಂದು ಬಣ್ಣದ ಒಂದು ಶಿಲುಬೆ. ನಡುವಿನ ವೃತ್ತದಲ್ಲಿ 1914, 1918 ಎಂಬ ಅಂಕಿ. ತೋಳುಗಳ ಸಂದಿನಿಂದ ಓರೆಯಾಗಿ ಹಾದು ಹೊರಚಾಚಿದ ಎರಡು ಖಡ್ಗ.

"ಕಳ್ತನ ಆಗಿದೆ ಅಂತೀರಿ. ಸಾಮಾನು ಇಲ್ಲೇ ಇದೆಯಲ್ಲ ಅಜ್ಜಿ?"

"ಇದು ನಮ್ದಲ್ಲ. ನಮ್ ಬಿಲ್ಲೆ ತಗಂಡು ಇದನ್ನ ಇಟ್ಟಿದಾರೆ."

ವಾಸಪ್ಪ ಅವರನ್ನು ಸಬ್ ಇನ್ಸ್‌ಪೆಕ್ಟರ್ ಬಿಂದುಶ್ರೀ ಅವರ ಕೋಣೆಗೆ ಕರೆದೊಯ್ದರು. ಬಿಂದುಶ್ರೀ ಕುರ್ಚಿ ತೋರಿಸಿದರು. ಕೆರಿಯಮ್ಮ ಅಂಚಿನಲ್ಲಿ ಕುಳಿತರು.

"ನಿಮ್ಮದು ಹೇಗಿತ್ತು?"

"ಕರೀದು. ಕಾವಲಿ ಹಂಗೆ ಕರೀದು. ಕತ್ತಿ ಇರ್ಲಿಲ್ಲ."

"ಕಣ್ಣು ಸರಿಯಾಗಿ ಕಾಣುತ್ತಾ?"

"ಮಸಕು. ಕೈಗೆ ಏನೂ ಆಗಿಲ್ಲ. ಮದುವೆಯಾಗಿ ಬಂದಾಗಿಂದ ದೀಪಾವಳಿಗೆ ಅದನ್ನ ಒರ್ಸಿ ಹಿರಿಯರ ಮುಂದೆ ಇಡೋಳು ನಾನು. ಈ ಸಲ ಒರ್ಸೋಕೆ ತಗಂಡೆ, ಬೆರಳಿಗೆ ಕತ್ತಿ ಸಿಕ್ತು. ಮನೇಲಿ ಹೇಳ್ದೆ, ಯಾರೂ ನಂಬ್ಲಿಲ್ಲ. ಹದಿನೈದು ದಿನ ಹೇಳಿ ಸಾಕಾಯ್ತು."

ಶಿಲುಬೆ ಅವರ ಮಾವ ಪುಟ್ಟಪ್ಪ ತಂದದ್ದು. ಎರಡನೆಯ ಮಹಾಯುದ್ಧದಲ್ಲಿ ಪುಟ್ಟಪ್ಪ ಭಾರತದ ಪಡೆಯೊಂದಿಗೆ ಇಟಲಿಗೆ ಹೋಗಿದ್ದರು. 1946ರಲ್ಲಿ ಊರಿಗೆ ಮರಳಿದರು, 1991ರಲ್ಲಿ ತೀರಿಕೊಂಡರು.

11.15ಕ್ಕೆ ಕೆರಿಯಮ್ಮನ ಮೊಮ್ಮಗ ದೀಪಕ್ ಬೈಕಿನಲ್ಲಿ ಧಾವಿಸಿ ಬಂದ. ಮೂವತ್ತು ವರ್ಷದವನು, ಸರಕು ಸಾಗಿಸುವ ಪಿಕಪ್ ಗಾಡಿ ಇಟ್ಟುಕೊಂಡಿದ್ದಾನೆ. ಮುಖದಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

"ಅಜ್ಜಿಗೆ ಅರಳು ಮರಳು ಮೇಡಂ. ಕಂಪ್ಲೇಂಟ್ ಏನೂ ಬೇಡ. ಡಿಸೆಂಬರ್ ಒಂದಕ್ಕೆ ನಮ್ಮೂರ ಸ್ಕೂಲಿಗೆ ಮುತ್ತಜ್ಜನ ಹೆಸರಿನ ಗೇಟು ಉದ್ಘಾಟನೆ. ಎಂಎಲ್ಎ ಬರ್ತಾರೆ. ಈಗ ಇದೆಲ್ಲ ಹೊರಗೆ ಬಂದ್ರೆ ಮರ್ಯಾದೆ ಹೋಗುತ್ತೆ."

"ಯಾರ ಮರ್ಯಾದೆ?" ಎಂದು ಬಿಂದುಶ್ರೀ ಕೇಳಿದರು.

ದೀಪಕ್ ಅಜ್ಜಿಯ ತೋಳು ಹಿಡಿದ; ಕೆರಿಯಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

ದೂರನ್ನು ಬರೆಸಿಕೊಂಡು ಕೆರಿಯಮ್ಮನ ಹೆಬ್ಬೆಟ್ಟು ಹಾಕಿಸಲಾಯಿತು. ಕಂದು ಶಿಲುಬೆಯನ್ನು ಲಕೋಟೆಯಲ್ಲಿ ಹಾಕಿ ಮೊಹರು ಮಾಡಲಾಯಿತು. ಡಿವೈಎಸ್‌ಪಿ ಅವರ ಅನುಮತಿ ಪಡೆದು ಬಿಂದುಶ್ರೀ ಪ್ರಾಥಮಿಕ ವಿಚಾರಣೆ ಆರಂಭಿಸಿದರು.

ಮಧ್ಯಾಹ್ನ 3 ಗಂಟೆಗೆ ಕಲ್ಕೊಪ್ಪದ ಮನೆ. ಡಬ್ಬಿ ಇಡುತ್ತಿದ್ದ ಟ್ರಂಕಿನ ಬೀಗ ಸರಿಯಾಗಿತ್ತು. ಬಾಗಿಲು, ಕಿಟಕಿ ಮುರಿದ ಗುರುತು ಇರಲಿಲ್ಲ. ವಾಸಪ್ಪ ಮನೆಯ ಗೂಡಿನಿಂದ ಒಂದು ಪುಸ್ತಕ ತೆಗೆದು ಕೊಟ್ಟರು. 1999ರಲ್ಲಿ ಅಚ್ಚಾದದ್ದು, 'ಕಲ್ಕೊಪ್ಪದ ವೀರಯೋಧ'. ಬರೆದವರು ಸುಬ್ಬರಾಯ. ಕಲ್ಕೊಪ್ಪದ ಪ್ರೌಢಶಾಲೆಯಲ್ಲಿ ಇಪ್ಪತ್ತಮೂರು ವರ್ಷ ಚರಿತ್ರೆ ಕಲಿಸಿ ನಿವೃತ್ತರಾದವರು, ಈಗ ಸಾಗರದಲ್ಲಿ ವಾಸ. ಕೆರಿಯಮ್ಮನ ಮನೆಯವರು ಉಳುತ್ತಿದ್ದ ಗದ್ದೆ ಹಿಂದೆ ಸುಬ್ಬರಾಯರ ತಂದೆಯದಾಗಿತ್ತು. ಭೂಸುಧಾರಣೆಯಲ್ಲಿ ಅದು ಉಳುವವರ ಪಾಲಿಗೆ ಬಂದಿತ್ತು.

ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಪುಟ್ಟಪ್ಪ ಶತ್ರುವಿನ ಕಂದಕಕ್ಕೆ ಹಾರುತ್ತಾರೆ. ಜರ್ಮನ್ ಅಧಿಕಾರಿಯನ್ನು ಬಂದೂಕಿನ ತುದಿಯ ಕತ್ತಿಯಿಂದ ತಿವಿದು ಕೊಂದು, ಅವನ ಎದೆಯ ಮೇಲಿದ್ದ ಶಿಲುಬೆಯನ್ನು ಕಿತ್ತು ತರುತ್ತಾರೆ.

ಬಿಂದುಶ್ರೀ ಅದನ್ನು ಕೆರಿಯಮ್ಮನಿಗೆ ಓದಿ ಹೇಳಿದರು.

"ಹಿಂಗೆ ನಡೆದಿದ್ದಾ?"

"ಮಾವನ ಕೈಗೆ ಬಂದೂಕು ಕೊಟ್ಟಿದ್ದೇ ಇಲ್ಲ ಅಂತಿದ್ರು. ಮಂಚ ಹೊರೋ ಕೆಲಸ. ಗಾಯ ಆದೋರನ್ನ ಹೊತ್ಗಂಡು ಗುಡ್ಡ ಇಳಿಯೋದು, ಡಾಕ್ಟರ ಡೇರೆಗೆ ಮುಟ್ಸೋದು."

"ಮತ್ತೆ ಇದು ಹೇಗೆ ಬಂತು?"

ಕೆರಿಯಮ್ಮ ಹೇಳಿದ್ದನ್ನು ವಾಸಪ್ಪ ಬರೆದುಕೊಂಡರು. ಹೊಟ್ಟೆಗೆ ಗುಂಡು ತಗುಲಿದ್ದ ಜರ್ಮನ್ ಸೈನಿಕನೊಬ್ಬನನ್ನು ಪುಟ್ಟಪ್ಪ ಹೊತ್ತು ತಂದಿದ್ದರು. ಅವನು ಮೂರು ದಿನ ಬದುಕಿದ್ದ. ಭಾಷೆ ತಿಳಿಯದು. ಪುಟ್ಟಪ್ಪ ನೀರಿನಲ್ಲಿ ಬಟ್ಟೆ ಅದ್ದಿ ತುಟಿಗೆ ಒತ್ತುತ್ತಿದ್ದರು. ಮೂರನೆಯ ದಿನ ಅವನು ಒಬ್ಬ ವಯಸ್ಸಾದ ಹೆಂಗಸಿನ ಪಟ ತೋರಿಸಿ, ಕರಿಯ ಶಿಲುಬೆಯನ್ನು ಪುಟ್ಟಪ್ಪನ ಕೈಯಲ್ಲಿಟ್ಟು, ಅವಳಿಗೆ ಮುಟ್ಟಿಸು ಎಂದು ಸನ್ನೆ ಮಾಡಿದ. ಪಟ ಅವನ ಜೊತೆಗೇ ಮಣ್ಣಿಗೆ ಹೋಯಿತು. ಹೆಸರಾಗಲಿ ಊರಾಗಲಿ ಪುಟ್ಟಪ್ಪನಿಗೆ ಗೊತ್ತಾಗಲಿಲ್ಲ. ದೊಡ್ಡ ಸಾಹೇಬರನ್ನು ಕೇಳಿದರೆ ಅವರು ನಕ್ಕರಂತೆ.

"ಇದು ಯಾರೋ ತಾಯೀದು, ನಮ್ದಲ್ಲ, ಮಾರ್ಬೇಡಿ ಅಂತಿದ್ರು ಮಾವ. ಸಾಯೋವಾಗ್ಲೂ ಅದನ್ನೇ ಹೇಳಿದ್ರು."

"ಈ ವಿಷಯ ಹೊರಗಿನವರಿಗೆ ಯಾರಿಗಾದ್ರೂ ಹೇಳಿದ್ರಾ?"

"ಮೇಷ್ಟ್ರಿಗೆ ಹೇಳಿದ್ದೆ. ಪುಸ್ತಕ ಬರೆಯೋಕೆ ಬಂದಾಗ ಇದೇ ಜಗಲಿ ಮೇಲೆ ಕೂತು ಎಲ್ಲಾ ಬರ್ಕಂಡ್ರು. ಪುಸ್ತಕದಲ್ಲಿ ಬೇರೆ ಥರ ಐತೆ ಅಂತ ಎಷ್ಟೋ ವರ್ಷದ ಮೇಲೆ ದೀಪಕ ಓದಿದಾಗ ಗೊತ್ತಾಯ್ತು." ಗದ್ದೆಯ ಕಡೆ ನೋಡಿ ಹೇಳಿದರು, "ಗದ್ದೆ ನಮ್ಗೆ ಬಂತು. ಮಾವನ ಕತೆ ಮಾತ್ರ ಅವ್ರ ಹತ್ರ ಉಳೀತು."

ನವೆಂಬರ್ 19ರಂದು ದೀಪಕನನ್ನು ಠಾಣೆಗೆ ಕರೆಸಲಾಯಿತು.

"ಶಿಲುಬೆ ಮನೆಯಿಂದ ಯಾವತ್ತಾದರೂ ಹೊರಗೆ ಹೋಗಿತ್ತಾ?"

"ಇಲ್ಲ."

"ನಿನ್ನ ಫೋನ್ ಕೊಡು. ಫೋಟೋ ಇರಬೇಕಲ್ಲ?"

ದೀಪಕ್ ಫೋನನ್ನು ಮೇಜಿನ ಮೇಲಿಟ್ಟ. 2021ರ ಆಗಸ್ಟ್ 15ರಂದು ಅವನೇ ತೆಗೆದು ಮನೆಯವರ ಗುಂಪಿಗೆ ಕಳಿಸಿದ್ದ ಚಿತ್ರ ಸಿಕ್ಕಿತು. ಅಂಗೈ ಮೇಲೆ ಒಂದು ಶಿಲುಬೆ. ಕಪ್ಪು ಬಣ್ಣ. ಖಡ್ಗವಿಲ್ಲ.

ಬಿಂದುಶ್ರೀ ಫೋನನ್ನು ಅವನ ಕಡೆಗೆ ತಿರುಗಿಸಿದರು.

"ಅರಳು ಮರಳು ಯಾರಿಗೆ?"

ದೀಪಕ್ ತಲೆ ತಗ್ಗಿಸಿದ. "ಅಕ್ಟೋಬರ್ ಆರಕ್ಕೆ ಸುಬ್ಬರಾಯ ಮೇಷ್ಟ್ರು ತಗೊಂಡು ಹೋಗಿದ್ರು ಮೇಡಂ. ಪುಸ್ತಕ ಮತ್ತೆ ಅಚ್ಚು ಹಾಕಿಸ್ತಿದೀವಿ, ಒಳ್ಳೆ ಫೋಟೋ ಬೇಕು ಅಂದ್ರು. ಇಪ್ಪತ್ನಾಲ್ಕಕ್ಕೆ ವಾಪಸ್ ಕೊಟ್ರು. ಬಣ್ಣ ಬೇರೆ ಇದೆಯಲ್ಲ ಸರ್ ಅಂದೆ. ಶಿವಮೊಗ್ಗದಲ್ಲಿ ತೊಳೆಸಿದೆ, ಮೇಲಿನ ಮಸಿ ಹೋಗಿ ಒಳಗಿನ ಖಡ್ಗ ಕಾಣಿಸ್ತು ಅಂದ್ರು."

"ನಂಬಿದೆಯಾ?"

"ಮೇಷ್ಟ್ರು ಸುಳ್ಳು ಹೇಳ್ತಾರಾ ಅನ್ಕೊಂಡೆ." ಆಮೇಲೆ ತಗ್ಗಿದ ದನಿಯಲ್ಲಿ, "ಗೇಟಿನ ಮೇಲೆ ಸಿಮೆಂಟಲ್ಲಿ ಶಿಲುಬೆ ಮಾಡಿಸಿದೀವಿ. ಖಡ್ಗ ಇದ್ರೆ ಚಂದ ಕಾಣುತ್ತೆ ಅನ್ನಿಸ್ತು" ಎಂದ.

ಶಿಲುಬೆ ಬದಲಾಗಿದೆ ಎಂಬುದಕ್ಕೆ ಮೊಮ್ಮಗನ ಚಿತ್ರ ಸಾಕಾಗಿರಲಿಲ್ಲ. ತೊಳೆದರೆ ಹಾಗಾಗುತ್ತದೆ ಎಂದು ನ್ಯಾಯಾಲಯದಲ್ಲಿ ಯಾರಾದರೂ ವಾದಿಸಬಹುದು. ವಸ್ತುವನ್ನು ಬಲ್ಲವರು ಬೇಕಿತ್ತು. ತೀರ್ಥಹಳ್ಳಿಯಲ್ಲಿ ಮುಕುಂದಯ್ಯ ಎಂಬ ನಿವೃತ್ತ ಸೈನಿಕರಿದ್ದಾರೆ, ಹಳೆಯ ಪದಕಗಳನ್ನು ಸಂಗ್ರಹಿಸುತ್ತಾರೆ ಎಂದು ವಾಸಪ್ಪ ವಿಚಾರಿಸಿ ತಿಳಿದುಕೊಂಡರು.

ನವೆಂಬರ್ 20ರ ಬೆಳಗ್ಗೆ 11 ಗಂಟೆಗೆ ಬಿಂದುಶ್ರೀ, ವಾಸಪ್ಪ ಇಬ್ಬರೂ ಮುಕುಂದಯ್ಯನವರ ಮನೆಯಲ್ಲಿದ್ದರು. ಅವರು ಲಕೋಟೆಯ ಮೊಹರು ನೋಡಿ, ಸಾಕ್ಷಿಗೆಂದು ಕರೆಸಿದ್ದ ಪಂಚರ ಎದುರು ಒಡೆಸಿ, ಶಿಲುಬೆಯನ್ನು ಬಿಳಿ ಬಟ್ಟೆಯ ಮೇಲಿಟ್ಟರು. ಮೇಜಿನ ಖಾನೆಯಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ದಾರಕ್ಕೆ ಕಟ್ಟಿ ಶಿಲುಬೆಯ ಹತ್ತಿರ ಹಿಡಿದರು. ಅದು ಅಲುಗಲಿಲ್ಲ.

"ಅಸಲಿ ಆಗಿದ್ದರೆ ಕಬ್ಬಿಣ. ಹೋಗಿ ಅಂಟಬೇಕಿತ್ತು" ಎಂದರು. ಭೂತಗನ್ನಡಿ ಕೊಟ್ಟು ಅಂಚು ನೋಡಲು ಹೇಳಿದರು. "ಸಣ್ಣ ಸಣ್ಣ ಗುಳಿ ಕಾಣ್ತದಲ್ಲ? ಅಚ್ಚಿಗೆ ಲೋಹ ಹೊಯ್ದದ್ದು. ಅಸಲಿಯನ್ನು ಯಂತ್ರದಲ್ಲಿ ಒತ್ತಿ ಮಾಡ್ತಿದ್ರು, ಅಂಚು ಚೂಪು. ಹಿಂದೆ ತಯಾರಕರ ಗುರುತು ಇದೆ, ಆದರೆ ಅಕ್ಷರ ಕರಗಿದ ಹಾಗಿದೆ. ಇದು ಇತ್ತೀಚಿನ ನಕಲು."

ಬಿಂದುಶ್ರೀ ದೀಪಕನ ಫೋನಿನ ಚಿತ್ರದ ಪ್ರತಿ ತೋರಿಸಿದರು. ಮುಕುಂದಯ್ಯ ಕನ್ನಡಕ ಸರಿಪಡಿಸಿಕೊಂಡರು.

"ಇದು ಕರಿ ಬಣ್ಣದ್ದು, ಖಡ್ಗ ಇಲ್ಲ. ಮೊದಲನೇ ಯುದ್ಧದ ನೆನಪಿಗೆ ಜರ್ಮನಿಯವರು 1934ರಲ್ಲಿ ಈ ಶಿಲುಬೆ ತಂದರು. ಮೂರು ಥರ. ರಣರಂಗದಲ್ಲಿ ಹೋರಾಡಿದವರಿಗೆ ಖಡ್ಗ ಇರುವ ಕಂಚಿನ ಬಣ್ಣದ್ದು. ಹೋರಾಡದೆ ಸೇವೆ ಮಾಡಿದವರಿಗೆ ಖಡ್ಗ ಇಲ್ಲದ್ದು, ಅದೂ ಕಂಚಿನ ಬಣ್ಣ. ಈ ಕರಿಯದ್ದು ಸೈನಿಕರಿಗೆ ಕೊಟ್ಟದ್ದೇ ಅಲ್ಲ. ಯುದ್ಧದಲ್ಲಿ ಸತ್ತವರ ಹೆಂಡತಿಗೆ, ತಂದೆ ತಾಯಿಗೆ ಕೊಟ್ಟದ್ದು."

ವಾಸಪ್ಪ ಬರೆಯುವುದನ್ನು ನಿಲ್ಲಿಸಿ ಬಿಂದುಶ್ರೀ ಅವರ ಮುಖ ನೋಡಿದರು.

"ತೊಳೆದರೆ ಕರಿಯದ್ದು ಕಂದು ಆಗಿ ಖಡ್ಗ ಕಾಣಿಸಬಹುದಾ?"

"ಬಣ್ಣ ಹೋಗಬಹುದು. ಖಡ್ಗ ಎಲ್ಲಿಂದ ಬರ್ತದೆ?" ಮುಕುಂದಯ್ಯ ಚಿತ್ರವನ್ನು ಇನ್ನೊಮ್ಮೆ ನೋಡಿದರು. "ಅಲ್ಲ, ಇದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೆಳಗಿನ ತೋಳಿನ ಮೂಲೆ ಚೂರು ಬಾಗಿದೆ ನೋಡಿ. ಸಾಗರದ ಒಬ್ಬರು ಮೇಷ್ಟ್ರು ತಂದಿದ್ದರು. ಅಸಲಿ ಅಂತ ಬರೆದುಕೊಡಿ, ಪುಸ್ತಕದಲ್ಲಿ ಹಾಕ್ತೇನೆ ಅಂದರು."

"ಯಾವತ್ತು?"

ಅವರು ತಮ್ಮ ಡೈರಿ ತೆರೆದರು. ಅಕ್ಟೋಬರ್ 9, ಬುಧವಾರ.

"ಬರೆದುಕೊಟ್ಟಿರಾ?"

"ಅಸಲಿಯೇ, ಆದರೆ ಇದು ವಿಧವೆಯದ್ದೋ ತಾಯಿಯದ್ದೋ ಆಗಿರಬೇಕು, ಹಾಗೇ ಬರೆಯುತ್ತೇನೆ ಅಂದೆ. ಬೇಡ ಅಂದರು. ಅಧಿಕಾರಿಯ ಎದೆ ಮೇಲೆ ಇದ್ದಿರಬಹುದಲ್ಲ ಅಂತ ಮೂರು ಸಲ ಕೇಳಿದರು. ಸಾಧ್ಯವಿಲ್ಲ ಅಂದೆ. ಕೊಟ್ಟ ಚಹಾ ಮುಟ್ಟಲಿಲ್ಲ. ಹಾಗೇ ಎದ್ದು ಹೋದರು."

ಅದೇ ದಿನ ಸಂಜೆ 5.30ಕ್ಕೆ ಅಪರಾಧ ಸಂಖ್ಯೆ 214/2024ರಲ್ಲಿ ಎಫ್‌ಐಆರ್ ದಾಖಲಾಯಿತು. ನಂಬಿಕೆ ದ್ರೋಹ, ವಂಚನೆ. ಭಾರತೀಯ ನ್ಯಾಯ ಸಂಹಿತೆ ಕಲಂ 316(2), 318(4). ಆರೋಪಿ ಸುಬ್ಬರಾಯ, ವಯಸ್ಸು 71.

ನವೆಂಬರ್ 21ರಂದು ಸಾಗರದ ಕೊರಿಯರ್ ಕಚೇರಿಯೊಂದರಲ್ಲಿ ವಾಸಪ್ಪ ರಿಜಿಸ್ಟರ್ ನೋಡಿದರು. ಅಕ್ಟೋಬರ್ 22ರಂದು ದೆಹಲಿಯಿಂದ ಸುಬ್ಬರಾಯರ ಹೆಸರಿಗೆ ಒಂದು ಸಣ್ಣ ಪೆಟ್ಟಿಗೆ ಬಂದಿತ್ತು. ಕಳಿಸಿದವರು ಹಳೆಯ ಪದಕಗಳ ಆನ್‌ಲೈನ್ ವ್ಯಾಪಾರಿ. ಪಡೆದವರ ಸಹಿ ಸ್ಪಷ್ಟವಾಗಿತ್ತು, ಮೇಷ್ಟ್ರ ದುಂಡನೆಯ ಅಕ್ಷರ.

ಮರುದಿನ ಠಾಣೆಗೆ ಹಾಜರಾಗುವಂತೆ ನೋಟಿಸು ಕೊಡಲಾಯಿತು. ಸುಬ್ಬರಾಯರು ಬರಲಿಲ್ಲ. ನವೆಂಬರ್ 24ರಂದು ಮುಕುಂದಯ್ಯ ಬಿಂದುಶ್ರೀ ಅವರಿಗೆ ಫೋನ್ ಮಾಡಿದರು.

"ಮೇಷ್ಟ್ರು ಫೋನ್ ಮಾಡಿದ್ದರು. ಅವತ್ತು ತಂದದ್ದು ಕಂದು ಬಣ್ಣದ್ದೇ ಅಂತ ಹೇಳಬೇಕಂತೆ. ಅತ್ತರು. ನಾನು ಆಗಲ್ಲ ಅಂದೆ. ನಿಮಗೆ ತಿಳಿಸಬೇಕು ಅನ್ನಿಸಿತು."

ಇದು ಸಾಕ್ಷಿಯನ್ನು ತಿದ್ದುವ ಪ್ರಯತ್ನವಾಗಿತ್ತು. ಬಿಂದುಶ್ರೀ ದಸ್ತಗಿರಿಗೆ ಕಾರಣಗಳನ್ನು ಬರೆದಿಟ್ಟರು.

ನವೆಂಬರ್ 25, ಸೋಮವಾರ ಬೆಳಗ್ಗೆ 9.50. ಸಾಗರ ಪೇಟೆ ಠಾಣೆಗೆ ಮಾಹಿತಿ ನೀಡಿ, ಬಿಂದುಶ್ರೀ ಮತ್ತು ವಾಸಪ್ಪ ಇಬ್ಬರು ಪಂಚರೊಂದಿಗೆ ಸುಬ್ಬರಾಯರ ಮನೆಗೆ ಹೋದರು. ಗೋಡೆಯ ತುಂಬ ಸನ್ಮಾನದ ಫಲಕಗಳು. ಬಾಗಿಲು ತೆರೆದವರು ಅವರ ಹೆಂಡತಿ ಮನೋರಮಾ. ಸುಬ್ಬರಾಯರು ಮೇಜಿನ ಮುಂದೆ ಎರಡನೆಯ ಮುದ್ರಣದ ಅಚ್ಚುಪ್ರತಿ ತಿದ್ದುತ್ತಿದ್ದರು. ಮೇಲೇಳಲಿಲ್ಲ.

"ಸರ್, ಅಕ್ಟೋಬರ್ ಇಪ್ಪತ್ತೆರಡಕ್ಕೆ ದೆಹಲಿಯಿಂದ ಪಾರ್ಸೆಲ್ ಬಂದಿತ್ತಲ್ಲ. ಅದರಲ್ಲಿ ಏನಿತ್ತು?"

"ಪುಸ್ತಕ."

"ಯಾವ ಪುಸ್ತಕ?"

"ನೆನಪಿಲ್ಲ."

"ಕೆರಿಯಮ್ಮನ ಮನೆಯ ಶಿಲುಬೆ ಎಲ್ಲಿದೆ?"

"ವಾಪಸ್ ಕೊಟ್ಟಿದ್ದೇನೆ. ಆ ಮುದುಕಿಗೆ ಕಣ್ಣು ಕಾಣುವುದಿಲ್ಲ. ಅಕ್ಷರ ಬಾರದವಳ ಮಾತು ಕೇಳಿ ನನ್ನ ಮನೆ ಬಾಗಿಲಿಗೆ ಬಂದಿದ್ದೀರಿ. ಆ ಮನೆಗೆ ಹೆಸರು ತಂದುಕೊಟ್ಟವನು ನಾನು."

ಒಳಬಾಗಿಲಲ್ಲಿ ನಿಂತಿದ್ದ ಮನೋರಮಾ ಗಂಡನಿಗೆ ಹೇಳಿದರು, "ಹೇಳ್ಬಿಡಿ. ಇನ್ನೂ ಎಂತಕ್ಕೆ? ಮುಚ್ಚಿಡ್ಲಿಕ್ಕೆ ಎಂತೂ ಇಲ್ಲೆ."

ಸುಬ್ಬರಾಯರು ಹೆಂಡತಿಯ ಕಡೆ ನೋಡಲಿಲ್ಲ. ಮನೋರಮಾ ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದು ಬಿಂದುಶ್ರೀ ಅವರ ಕೈಗೆ ಕೊಟ್ಟರು. ಮೇಲೆ ದೆಹಲಿಯ ವಿಳಾಸ, ಒಳಗೆ ರಸೀದಿ. 'ಖಡ್ಗಸಹಿತ ಶಿಲುಬೆ, ಪ್ರತಿಕೃತಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

"ಒಲೆಗೆ ಹಾಕು ಅಂದಿದ್ರು" ಎಂದರು ಮನೋರಮಾ. "ನನ್ ಕೈಲಿ ಆಗ್ಲಿಲ್ಲ."

ಪೆಟ್ಟಿಗೆ ಮತ್ತು ರಸೀದಿಯನ್ನು ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ಪಂಚರು ಸಹಿ ಹಾಕಿದರು. 11.20ಕ್ಕೆ ಸುಬ್ಬರಾಯರನ್ನು ದಸ್ತಗಿರಿ ಮಾಡಿ, ಕಾರಣವನ್ನು ಓದಿ ಹೇಳಿ, ಮನೋರಮಾ ಅವರಿಗೆ ಲಿಖಿತ ಮಾಹಿತಿ ಕೊಡಲಾಯಿತು. ಅವರು ಒಳಗೆ ಹೋಗಿ ಗಂಡನ ಬಿಪಿ ಮಾತ್ರೆ ತಂದು ವಾಸಪ್ಪನ ಕೈಯಲ್ಲಿಟ್ಟರು.

ಕರಿಯ ಶಿಲುಬೆ ಎಲ್ಲಿದೆ ಎಂಬುದನ್ನು ಸುಬ್ಬರಾಯರು ಜೀಪಿನಲ್ಲಿ ಹೇಳಿದರು.

"ಲಾಂಚಿನಿಂದ ಹಾಕಿದೆ. ಹೊಳೆಬಾಗಿಲಿನಲ್ಲಿ."

"ನೀರಿಗಾ?"

"ಹೌದು. ಅಕ್ಟೋಬರ್ ಇಪ್ಪತ್ತೈದು. ನಡುನೀರಿನಲ್ಲಿ."

ಮಧ್ಯಾಹ್ನ 1.30ಕ್ಕೆ ಹೊಳೆಬಾಗಿಲು. ಕಾರುಗಳು, ಸಿಗಂದೂರಿಗೆ ಹೊರಟ ಯಾತ್ರಿಗಳು ತುಂಬಿದ್ದ ಲಾಂಚು ಶರಾವತಿಯ ಹಿನ್ನೀರು ದಾಟುತ್ತಿರುವಾಗ ಸುಬ್ಬರಾಯರು ಕಂಬಿ ಹಿಡಿದು ಒಂದು ಕಡೆ ಬೆರಳು ತೋರಿಸಿದರು. ವಾಸಪ್ಪ ಸ್ಥಳದ ಪಂಚನಾಮೆ ಬರೆದರು. ಲಾಂಚಿನ ಸಿಬ್ಬಂದಿಯೊಬ್ಬನನ್ನು ಆಳ ಎಷ್ಟು ಎಂದು ಕೇಳಿದರು.

"ಕೆಳಗೆ ಮುಳುಗಡೆ ಆದ ಊರೇ ಇದೆ ಸರ್. ಬಿಲ್ಲೆ ಎಲ್ಲಿ ಸಿಗುತ್ತೆ?" ಎಂದ ಆತ.

ಅಗ್ನಿಶಾಮಕ ದಳದವರು ಎರಡು ದಿನ ಹುಡುಕಿದರು. ಏನೂ ಸಿಗಲಿಲ್ಲ.

ನವೆಂಬರ್ 25ರ ಸಂಜೆಯೇ ಸಾಗರದಿಂದ ಹೊಸನಗರಕ್ಕೆ ಮರಳುವಾಗ ಜೀಪಿನಲ್ಲಿ ಬಿಂದುಶ್ರೀ ಸುಬ್ಬರಾಯರನ್ನು ಕೇಳಿದರು.

"ಕೆರಿಯಮ್ಮ ನಿಮಗೆ ನಿಜ ಹೇಳಿದ್ದರಲ್ಲ, ಮೊದಲೇ?"

"ಹೇಳಿದ್ದಳು."

"ಯಾಕೆ ಬರೆಯಲಿಲ್ಲ?"

"ಗಾಯಾಳು ಹೊತ್ತವನ ಕತೆ ಯಾರು ಕೇಳ್ತಿದ್ದರು ಮೇಡಂ?" ಸುಬ್ಬರಾಯರು ಕಿಟಕಿಯ ಹೊರಗೆ ನೋಡುತ್ತಿದ್ದರು. "ನಮ್ಮ ಅಪ್ಪನ ಜಮೀನೆಲ್ಲ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಅಪ್ಪ ಬೀದಿಯಲ್ಲಿ ಹೋದರೆ ಕಲ್ಕೊಪ್ಪದವರು ಕೂತಲ್ಲಿಂದ ಏಳ್ತಿರಲಿಲ್ಲ. ಅವರು ಏಳಬೇಕಾಗಿರಲಿಲ್ಲ, ಅದು ನನಗೂ ಗೊತ್ತು. ಆದರೆ ನಾನು ಅದೇ ಊರಲ್ಲಿ ಪಾಠ ಮಾಡಬೇಕಿತ್ತು. ತೊಂಬತ್ತೊಂಬತ್ತರಲ್ಲಿ ಶಾಲೆಯ ಅಂಗಳದಲ್ಲಿ ಪುಸ್ತಕ ಬಿಡುಗಡೆ ಆಯ್ತು. ನಾನು ಬಂದಾಗ ಇಡೀ ಊರು ಎದ್ದು ನಿಂತಿತು. ಆ ಪುಸ್ತಕಕ್ಕಾಗಿ ನಿಂತರು. ಅದು ಸುಳ್ಳು ಅಂತ ತೀರ್ಥಹಳ್ಳಿಯಲ್ಲಿ ಯಾರೋ ಒಬ್ಬ ಒಂದು ಸಾಲಿನಲ್ಲಿ ಹೇಳಿಬಿಟ್ಟ."

"ತಿದ್ದಿ ಬರೆಯಬಹುದಿತ್ತು. ಎರಡನೇ ಮುದ್ರಣ ತಾನೆ?"

ಸುಬ್ಬರಾಯರು ಕಿಟಕಿಯ ಗಾಜು ಏರಿಸಿಕೊಂಡರು.

ನವೆಂಬರ್ 26ರಂದು ಅವರನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ವಯಸ್ಸು, ಆರೋಗ್ಯ ನೋಡಿ ನಾಲ್ಕನೆಯ ದಿನ ಜಾಮೀನು ಸಿಕ್ಕಿತು. ಡಿಸೆಂಬರ್ 1ರಂದು ಗೇಟಿನ ಉದ್ಘಾಟನೆ ನಡೆಯಿತು. ಆಹ್ವಾನ ಪತ್ರಿಕೆ ಹಂಚಿ ಆಗಿತ್ತು, ಶಾಮಿಯಾನ ಬಂದಿತ್ತು, ನಿಲ್ಲಿಸಲು ಸಮಿತಿಯವರು ಒಪ್ಪಲಿಲ್ಲ. ಸಿಮೆಂಟಿನ ಶಿಲುಬೆಗೆ ಖಡ್ಗಗಳು ಹಾಗೆಯೇ ಇದ್ದವು. ದೀಪಕ್ ಹೋಗಲಿಲ್ಲ. ಪಿಕಪ್ ತೆಗೆದುಕೊಂಡು ಶಿವಮೊಗ್ಗಕ್ಕೆ ಬಾಡಿಗೆಗೆ ಹೋದ.

ಮರುದಿನ ಬಿಂದುಶ್ರೀ ಕಲ್ಕೊಪ್ಪಕ್ಕೆ ಹೋದರು. ಕೆರಿಯಮ್ಮ ಜಗಲಿಯಲ್ಲಿ ಅವರೆ ಸುಲಿಯುತ್ತಿದ್ದರು. ಶಿಲುಬೆ ನೀರಿನಲ್ಲಿ ಹೋಯಿತು, ಇನ್ನು ಸಿಗುವುದಿಲ್ಲ ಎಂದು ಬಿಂದುಶ್ರೀ ನೇರವಾಗಿ ಹೇಳಿದರು. ಕೆರಿಯಮ್ಮನ ಕೈ ನಿಂತಿತು.

"ಆ ತಾಯಿಗೆ ಮುಟ್ಸೋಕೆ ಆಗ್ಲಿಲ್ಲ ಅಂತ ಮಾವ ಸಾಯೋವರ್ಗೂ ಕೊರಗಿದ್ರು" ಎಂದರು. ಮಡಿಲಿನ ಸಿಪ್ಪೆ ಕೊಡವಿ ಕೇಳಿದರು, "ಮೇಷ್ಟ್ರು ಯಾಕಂತೆ ಹಿಂಗೆ ಮಾಡಿದ್ದು?"

ಬಿಂದುಶ್ರೀ ಜೀಪಿನಲ್ಲಿ ಕೇಳಿದ್ದನ್ನು ಹೇಳಿದರು. ಜಮೀನು ಹೋದದ್ದು, ಅಪ್ಪ ಬೀದಿಯಲ್ಲಿ ನಡೆದದ್ದು, ಪುಸ್ತಕ ಬಿಡುಗಡೆಯ ದಿನ ಊರು ಎದ್ದು ನಿಂತದ್ದು.

ಕೆರಿಯಮ್ಮ ಕಣ್ಣು ಕಿರಿದು ಮಾಡಿಕೊಂಡು ಅವರನ್ನೇ ನೋಡಿದರು.

"ಪುಸ್ತಕಕ್ಕಾ? ಅವತ್ತು ನಮ್ಮೋರಲ್ಲಿ ಯಾರೂ ಅದನ್ನ ಓದಿರ್ಲಿಲ್ಲ. ನಮ್ ಮಕ್ಕಳಿಗೆ ಅಕ್ಷರ ಕಲ್ಸಿದ ಮೇಷ್ಟ್ರು ಬಂದ್ರು ಅಂತ ಎದ್ದು ನಿಂತಿದ್ವಿ."